ಏಳು ಖಾಲಿ ಮನೆಗಳ ಡಿಮ್ಮರಪ್ಪ

ಹಾಡುಹಗಲಲ್ಲಿ ಉರಿಯುವ ಬಾಗಿಲ ದೀಪವೆಂದರೆ "ಮನೆಯಲ್ಲಿ ಯಾರೂ ಇಲ್ಲ, ದಯಮಾಡಿ ಬನ್ನಿ" ಎಂದು ಕಳ್ಳನಿಗೆ ಹೊರಡಿಸಿದ ಪ್ರಕಟಣೆ. ಇದು ನಿಮಗೆ ಗೊತ್ತಿರಬೇಕಿತ್ತು. ಆದರೂ ಹತ್ತು ದಿನಕ್ಕೆಂದು ಊರು ಬಿಡುವಾಗ ವರಾಂಡದ ದೀಪ ಹಾಕಿ, ಹಾಲಿನದೂ ಹಾಕಿ, ಹೋಗಲಿ ಪಾಪ ಅಂತ ಬಚ್ಚಲಿನದನ್ನೂ ಒಂದು ಹಾಕಿ, ಗೀಸರಿನ ಸ್ವಿಚ್ಚು ಮರೆತು, "ಸೇಫ್ಟಿಗೆ ಇರ್ಲಿ" ಎನ್ನುತ್ತ ಹೊರಡುತ್ತೀರಿ. ಇನ್ನು ಕೆಲವರು ಉಳಿತಾಯದ ಉಸ್ತಾದರು. ಮೇನ್ ಸ್ವಿಚ್ಚನ್ನೇ ಕತ್ತು ಮುರಿದಂತೆ ಇಳಿಸಿ ಹೋಗುತ್ತಾರೆ. ಸಾಲಾಗಿ ಬೆಳಗುವ ಬೀದಿಯಲ್ಲಿ ಆ ಮನೆ, ಬಾಯಲ್ಲಿ ಹಲ್ಲು ಬಿದ್ದ ಜಾಗದ ಹಾಗೆ ಕಾಣುತ್ತದೆ. ಮೊದಲನೆಯವರು ಕರೆಂಟು ಸುಟ್ಟು ಕಳ್ಳನನ್ನು ಕರೆಯುತ್ತಾರೆ, ಎರಡನೆಯವರು ಕರೆಂಟು ಉಳಿಸಿ ಕರೆಯುತ್ತಾರೆ. ಕಳ್ಳನಿಗೆ ಇಬ್ಬರ ಮೇಲೂ ಸಮಾನ ಗೌರವ.

ನಮ್ಮ ಬೀದಿಯಲ್ಲಿ ಈ ವಿಷಯದಲ್ಲಿ ಬುದ್ಧಿಯಿರುವವರು ಒಬ್ಬರೇ ಒಬ್ಬರು. ಅವರ ಕತೆ ಹೇಳುತ್ತೇನೆ. ನಗು ಬಂದರೆ ನಗಿ, ತಡೆಯಬೇಡಿ. ನಕ್ಕು ಮುಗಿದ ಮೇಲೆ ಸ್ವಲ್ಪ ನಾಚಿಕೆಯೂ ಆಗಲಿ. ನನಗಂತೂ ಆಗಿದೆ.

ಅವರನ್ನು ಬೀದಿಯೆಲ್ಲ ಡಿಮ್ಮರಪ್ಪ ಎನ್ನುತ್ತದೆ. ಮೂವತ್ತನಾಲ್ಕು ವರ್ಷ ಒಂದು ನಾಟಕದ ಹಾಲಿನಲ್ಲಿ ಬೆಳಕಿನ ಕೆಲಸ ಮಾಡಿದವರು. ಪ್ರೇಕ್ಷಕರ ತಲೆಯ ಮೇಲೆ, ಬಟ್ಟೆಯ ಬೀರುವಿನಷ್ಟು ದೊಡ್ಡ ಗೂಡಿನಲ್ಲಿ ಕೂತು, ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರಿನ ಹಿಡಿಗಳನ್ನು ಏರಿಸಿ ಇಳಿಸಿ, ಸಂಜೆ ಏಳಕ್ಕೆ ಸೂರ್ಯನನ್ನು ಹುಟ್ಟಿಸಿ ಒಂಬತ್ತಕ್ಕೆ ಮುಳುಗಿಸುತ್ತಿದ್ದರು. ನಿವೃತ್ತಿಯಾದ ಮೇಲೂ ಚಟ ಹೋಗಲಿಲ್ಲ. ಅಂಗಡಿಯ ಟ್ಯೂಬ್‌ಲೈಟು ನೋಡಿದರೆ ಅವರಿಗೆ ಹಲ್ಲುನೋವು ಬಂದ ಮುಖ.

ಒಂಬತ್ತು ವರ್ಷದ ಹಿಂದೆ ಹಲ್ಲಿನ ಡಾಕ್ಟರು ಸಂಸಾರ ಸಮೇತ ಪ್ರವಾಸ ಹೊರಟಾಗ ಇವರ ಕೈಗೆ ಕೀ ತುರುಕಿ, "ಸಂಜೆ ಒಂದು ಲೈಟ್ ಹಾಕ್ಬಿಡಿ ಸಾಕು" ಎಂದಿದ್ದರು. ಡಿಮ್ಮರಪ್ಪ ಹೋಗಿ ಹಾಲಿನ ದೀಪ ಹಾಕಿದರು. ಆಮೇಲೆ ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ಕೈಕಟ್ಟಿ ನಿಂತು ನೋಡಿದರು.

"ಇದು ಮನೆ ಅಲ್ಲ, ಔಷಧಿ ಅಂಗಡಿ" ಎಂದು ತಮಗೆ ತಾವೇ ಹೇಳಿಕೊಂಡು ವಾಪಸ್ ಒಳಗೆ ಹೋದರು. ದೊಡ್ಡ ದೀಪ ಆರಿಸಿ, ಐದು ವ್ಯಾಟಿನ ಒಂದು ಪುಟ್ಟ ಟೇಬಲ್ ಲ್ಯಾಂಪನ್ನು ಸೋಫಾದ ಹಿಂದೆ ನೆಲದ ಮೇಲಿಟ್ಟರು. ಪರದೆಯನ್ನು ಮುಕ್ಕಾಲು ಎಳೆದರು. ಮತ್ತೆ ರಸ್ತೆ ದಾಟಿ ನೋಡಿದರು. ಈಗ ಆ ಕಿಟಕಿಯ ಹಿಂದೆ ಯಾರೋ ಕೂತು, ಕಾಲು ಚಾಚಿ, ಏನೋ ಓದುತ್ತಿದ್ದಾರೆ! ಯಾರೂ ಇಲ್ಲ, ಆದರೂ ಇದ್ದಾರೆ. ಡಿಮ್ಮರಪ್ಪನವರಿಗೆ ಸಂತೋಷಕ್ಕೆ ಸೀನು ಬಂತಂತೆ.

ಅವತ್ತಿನಿಂದ ಶುರುವಾಯಿತು. ಅವರ ಸಿದ್ಧಾಂತ ಕೇಳಿ, ಬರೆದಿಟ್ಟುಕೊಳ್ಳಿ: "ಕಳ್ಳ ಬೆಳಕಿಗೆ ಹೆದರಲ್ಲ ಕಣ್ರೀ. ಬೆಳಕಿದ್ರೆ ಅವನಿಗೇ ಅನುಕೂಲ, ಟಾರ್ಚ್ ಹಿಡಿಯೋ ಕೈ ಉಳೀತು. ಅವನು ಹೆದರೋದು ಬದಲಾವಣೆಗೆ. ಒಂದು ರೂಮಲ್ಲಿ ದೀಪ ಆರಿ ಇನ್ನೊಂದು ರೂಮಲ್ಲಿ ಹತ್ತಿದ್ರೆ, ಮಧ್ಯೆ ಎರಡು ಕಾಲು ಓಡಾಡ್ತಿದೆ ಅಂತ ಅರ್ಥ."

ಒಂದೊಂದು ಮನೆಗೆ ಒಂದೊಂದು ಚೀಟಿ ಬರೆದರು, ನಾಟಕದಲ್ಲಿ ಯಾವ ದೃಶ್ಯಕ್ಕೆ ಯಾವ ದೀಪ ಎಂದು ಬರೆಯುವ ಹಾಗೆ. "ಆರೂ ನಲವತ್ತು, ಅಡುಗೆಮನೆ. ಏಳೂ ಐದು, ಬಚ್ಚಲು, ನಾಲ್ಕು ನಿಮಿಷ. ಡಾಕ್ಟರು ಪೇಪರ್ ತಗೊಂಡು ಹೋದ ದಿನ ಹದಿನೆಂಟು." ಯಾರು ಯಾವಾಗ ಅಡುಗೆಗೆ ನಿಲ್ಲುತ್ತಾರೆ, ಯಾರ ಮಗಳು ಎಷ್ಟೊತ್ತಿಗೆ ಓದಲು ಕೂರುತ್ತಾಳೆ, ಯಾವ ಗಂಡ ಹೆಂಡಿರು ಜಗಳ ಆಡಿದಾಗ ಯಾವ ಎರಡು ರೂಮಿನಲ್ಲಿ ಬೇರೆ ಬೇರೆ ದೀಪ ಉರಿಯುತ್ತದೆ, ಎಲ್ಲ ಅವರ ಚೀಟಿಯಲ್ಲಿತ್ತು. ಬೀದಿಯ ಗುಟ್ಟು ಬೀದಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಆದರೆ ಒಂದು ಮಾತೂ ಹೊರಗೆ ಬಿದ್ದಿದ್ದಿಲ್ಲ.

ಉಳಿತಾಯದಲ್ಲೂ ಅವರದು ಕಲ್ಲುಮನಸ್ಸು. ಟೀವಿಯ ಪ್ಲಗ್ಗು ಕೀಳು, ಗೀಸರ್ ಆಫ್, ಫ್ರಿಜ್ಜು ಖಾಲಿಯಿದ್ದರೆ ಅದಕ್ಕೂ ರಜ, ಅದರ ಬಾಗಿಲಿಗೊಂದು ಮರದ ತುಂಡು ಕೊಟ್ಟು ಗಾಳಿಗೆ ಬಿಡು. ವರಾಂಡಕ್ಕೆ ಕತ್ತಲಾದ ಮೇಲೆ ತಾನೇ ಹತ್ತಿ ಬೆಳಗ್ಗೆ ತಾನೇ ಆರುವ ಸಣ್ಣ ಬಲ್ಬು. ಬೆಳಗ್ಗೆ ಬಂದು ಪರದೆ ಸರಿಸಿ, ಬಾಗಿಲಲ್ಲಿ ಬಿದ್ದ ಪೇಪರ್ ಎತ್ತು. ಏಳು ಮನೆಯ ಇಡೀ ಸಂಜೆಯ ದೀಪ ಒಟ್ಟುಗೂಡಿಸಿದರೂ ಒಂದು ಬಕೆಟ್ ಬಿಸಿನೀರಿನಷ್ಟು ಕರೆಂಟು ಖರ್ಚಾಗುತ್ತಿರಲಿಲ್ಲ.

ಎಷ್ಟು ಚೆಂದ ಅಲ್ಲವೇ? ನಾವೂ ಹಾಗೇ ಅಂದುಕೊಂಡಿದ್ದೆವು.

ಡಿಮ್ಮರಪ್ಪನವರಿಗೊಬ್ಬ ಹೆಂಡತಿ ಇದ್ದಾರೆ, ಬೀದಿಗೆಲ್ಲ ಅಕ್ಕ. ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸಿದ ಕೈ. ಅವರ ಮನೆಯಲ್ಲಿ ಮಡಿಸದೆ ಉಳಿದ ವಸ್ತುವೆಂದರೆ ಗಂಡ ಒಬ್ಬರೇ. ಅಕ್ಕನ ತಂಗಿ ಇರುವುದು ಸಮುದ್ರದ ಊರಿನಲ್ಲಿ. ಅಕ್ಕ ಸಮುದ್ರ ನೋಡಿಲ್ಲ. ಡಿಮ್ಮರಪ್ಪನವರೂ ನೋಡಿಲ್ಲ, ಆದರೆ ನೀಲಿ ಬೆಳಕು ಮತ್ತು ಎರಡು ಮೀಟರ್ ಬಟ್ಟೆಯಲ್ಲಿ ಮುನ್ನೂರು ಸಲ ಸಮುದ್ರ ಮಾಡಿದ್ದಾರೆ. ಮೂರು ಸಲ ಅಕ್ಕ ಸೂಟ್‌ಕೇಸು ಕಟ್ಟಿದ್ದರು. ಮೂರು ಸಲವೂ ಹೊರಡುವ ಮುನ್ನ ಯಾರೋ ಒಬ್ಬರು ಹಲ್ಲು ಕಿರಿಯುತ್ತ ಬಂದು ಕೀ ಕೊಟ್ಟು ಹೋಗಿದ್ದರು. ರಜ ಬಂದರೆ ಬೀದಿಗೆ ರಜ, ಡಿಮ್ಮರಪ್ಪನವರಿಗೆ ಡ್ಯೂಟಿ. ಬೀಗದ ಕೈ ಕೊಟ್ಟವರು ನಾವು, ಬೀಗ ಬಿದ್ದದ್ದು ಆ ಇಬ್ಬರ ಕಾಲಿಗೆ. ನಾವ್ಯಾರೂ ಕೇಳಲಿಲ್ಲ. ಊರಿಂದ ಬಂದು "ಥ್ಯಾಂಕ್ಸ್ ಡಿಮ್ಮರಪ್ಪ" ಎಂದು ಒಂದು ಬಿಸ್ಕತ್ತು ಪೊಟ್ಟಣ ಕೊಟ್ಟರೆ ನಮ್ಮ ಆತ್ಮಸಾಕ್ಷಿ ಗೊರಕೆ ಹೊಡೆಯುತ್ತಿತ್ತು.

ಈ ವರ್ಷ ತಂಗಿ ಫೋನು ಮಾಡಿದರು. "ಅಕ್ಕಾ, ಮುಂದಿನ ತಿಂಗಳು ಈ ಮನೆ ಖಾಲಿ ಮಾಡಿ ಮಗಳ ಹತ್ರ ಹೋಗ್ತಿದ್ದೀನಿ. ಅಲ್ಲಿ ಸಮುದ್ರ ಇಲ್ಲ, ಕೆರೆಯೂ ಇಲ್ಲ. ಬಂದ್ರೆ ಈಗ ಬಾ."

ಗುರುವಾರ ಬೆಳಗಿನ ಬಸ್ಸಿಗೆ ಎರಡು ಟಿಕೆಟ್ಟು, ಹನ್ನೆರಡು ದಿನಕ್ಕೆ. ಭಾನುವಾರ ಸಂಜೆಯ ಹೊತ್ತಿಗೆ ಡಿಮ್ಮರಪ್ಪನವರ ಗೋಡೆಯ ಮೊಳೆಗೆ ಏಳು ಮನೆಯ ಏಳು ಕೀಗೊಂಚಲು ಬಂದು ತೂಗಿಬಿದ್ದಿದ್ದವು.

"ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ ಕಣೆ" ಎಂದರು ಡಿಮ್ಮರಪ್ಪ.

"ಬರ್ಲಿಲ್ವಾ? ಊಟಕ್ಕೆ ಮೂರು ಹೊತ್ತು ಬರುತ್ತಲ್ಲ, ಅದ್ಯಾವ ಬಾಯಿ?"

ಸೋಮವಾರ ಅಕ್ಕ ಏಳೂ ಗೊಂಚಲು ಬ್ಯಾಗಿಗೆ ಹಾಕಿಕೊಂಡು ಸೀದಾ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ನಡೆದರು. ಈ ಚಾಳಿ ಶುರು ಮಾಡಿದವನು ಅವನೇ, ಮುಗಿಸುವವನೂ ಅವನೇ ಆಗಲಿ ಎಂಬ ನ್ಯಾಯ. ಡಾಕ್ಟರ ಎರಡೂ ಕೈ ಒಬ್ಬ ರೋಗಿಯ ಬಾಯೊಳಗಿದ್ದವು. ಅಕ್ಕ ರೋಗಿಯ ಎದೆಯ ಮೇಲೆ ಹಾಸಿದ ಟವೆಲ್ಲಿನ ಮೇಲೆ ಝಣಝಣ ಎಂದು ಕೀಗಳನ್ನು ಸುರಿದರು.

"ಡಾಕ್ಟ್ರೇ, ಗುರುವಾರ ನಾವು ಹೊರಟ್ವಿ. ಏಳು ಮನೆ ದೀಪ ನಿಮ್ದು."

"ಆಂ! ಆಂ!" ಎಂದ ರೋಗಿ.

"ನಿಮ್ಗಲ್ಲಪ್ಪ, ಅವರಿಗೆ" ಎಂದರು ಅಕ್ಕ.

ಡಾಕ್ಟರು ನಕ್ಕುಬಿಟ್ಟರು. "ಅಷ್ಟೇನಾ ಅಕ್ಕ? ಇದಕ್ಯಾಕೆ ಮನುಷ್ಯ ಬೇಕು? ಟೈಮರ್ ಹಾಕಿದ್ರಾಯ್ತು!"

ಗಮನಿಸಿ, ಒಂಬತ್ತು ವರ್ಷ ಒಬ್ಬ ಮನುಷ್ಯನ ಸಂಜೆಗಳನ್ನು ನುಂಗಿ ನೀರು ಕುಡಿದ ಬೀದಿ, ಆ ಮನುಷ್ಯ ಒಂದು ಸಲ ಹೊರಡುತ್ತೇನೆ ಎಂದ ಕೂಡಲೇ "ಇದಕ್ಯಾಕೆ ಮನುಷ್ಯ" ಅನ್ನುತ್ತದೆ. ಟೈಮರ್ ಕೆಟ್ಟದ್ದಲ್ಲ, ಒಳ್ಳೆಯ ಸಾಮಾನು. ಆದರೆ ಅದಕ್ಕೆ ಸಮಯ ಹೇಳಿಕೊಡುವವನಿಗೆ ತಲೆ ಇರಬೇಕು.

ಬೀದಿಯ ತುದಿಯ ಎಲೆಕ್ಟ್ರಿಕ್ ಅಂಗಡಿಯವನು ಮಂಗಳವಾರ ಏಳು ಮನೆಗೂ ಏಳು ಟೈಮರ್ ಹಾಕಿಕೊಟ್ಟ. ಒಳ್ಳೆಯ ಮನಸ್ಸಿನವನು. ಎಲ್ಲದಕ್ಕೂ ತಾನೇ ಸಮಯವನ್ನೂ ಹೊಂದಿಸಿದ. ಪರೀಕ್ಷೆಗೆಂದು ಆರೂವರೆಗೆ ಹತ್ತಬೇಕು, ಏಳಕ್ಕೆ ಆರಬೇಕು. ಎಲ್ಲ ಮನೆಗೂ ಒಂದೇ ಲೆಕ್ಕ, ಸೆಕೆಂಡು ಸಮೇತ.

ಆರೂವರೆಗೆ ನಾವೆಲ್ಲ ಫುಟ್‌ಪಾತಿನಲ್ಲಿ ನಿಂತಿದ್ದೆವು. ಟಕ್! ಏಳು ಖಾಲಿ ಮನೆಗಳ ಏಳು ಹಾಲು ಒಂದೇ ಉಸಿರಿಗೆ ಬೆಳಗಿದವು. ಯಾವ ಮನೆ ಖಾಲಿ, ಯಾವುದು ತುಂಬಿದೆ ಎಂದು ಬೀದಿಯ ನಾಯಿಗೂ ತಿಳಿಯುವಂತೆ! ಕಳ್ಳ ಅಲ್ಲಿದ್ದಿದ್ದರೆ ಬೆರಳು ಮಡಿಸಿ ಎಣಿಸಿಕೊಳ್ಳುತ್ತಿದ್ದ. ಏಳಕ್ಕೆ ಮತ್ತೆ ಟಕ್, ಏಳೂ ಕತ್ತಲು. ಬೀದಿಯೇ ಕಣ್ಣು ಹೊಡೆದಂತೆ.

"ಹೆಂಗೆ?" ಎಂದ ಅಂಗಡಿಯವನು, ಎದೆ ಉಬ್ಬಿಸಿ. "ಎಲ್ಲರದ್ದೂ ಒಂದೇ ಟೈಮ್ ಇಟ್ಟಿದ್ದೀನಿ. ನೆನಪಿಟ್ಕೊಳ್ಳೋಕೆ ಸುಲಭ."

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಫುಟ್‌ಪಾತು ಹೊಟ್ಟೆ ಹಿಡಿದುಕೊಂಡು ಕೂತಿತು. ಡಿಮ್ಮರಪ್ಪನವರೂ ಕೂತರು, ಆದರೆ ತಲೆ ಹಿಡಿದುಕೊಂಡು. "ನಾನು ಹೋಗಲ್ಲ" ಎಂದರು.

ಅಕ್ಕ ಗೇಟಿನಲ್ಲೇ ಇದ್ದರು, ಕೇಳಿಸಿಕೊಂಡರು. ಕೂಗಾಡುತ್ತಾರೆ ಅಂದುಕೊಂಡರೆ ಸುಮ್ಮನೆ ಒಳಗೆ ಹೋದರು. ಡಿಮ್ಮರಪ್ಪನವರು ಹಿಂದೆಯೇ ಹೋಗಿ ನೋಡಿದಾಗ ಸೂಟ್‌ಕೇಸು ತೆರೆದಿತ್ತು. ಅಕ್ಕ ಗಂಡನ ಶರ್ಟುಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮಂಚದ ಮೇಲೆ ನೀಟಾಗಿ ಜೋಡಿಸುತ್ತಿದ್ದರು. ತಮ್ಮ ಬಟ್ಟೆ ಮುಟ್ಟಲಿಲ್ಲ.

"ನಾನೊಬ್ಳೇ ಹೋಗ್ತೀನಿ. ನೀವು ನಾಟಕ ನಡೆಸಿ."

"ಹಂಗಲ್ಲ ಕಣೆ..."

"ಅಡುಗೆಮನೆ ದೀಪ ಸಂಜೆ ಆರಕ್ಕೆ ಹಾಕ್ಕೊಳಿ, ನಾನಿಲ್ದಿದ್ರೂ ಇದ್ದೀನಿ ಅಂತ ಕಾಣುತ್ತೆ. ನಿಮ್ಗೆ ಚೆನ್ನಾಗಿ ಬರುತ್ತಲ್ಲ ಆ ಕೆಲಸ."

ಈ ಮಾತನ್ನು ಡಿಮ್ಮರಪ್ಪನವರೇ ಮರುದಿನ ನಮಗೆ ಹೇಳಿದರು. ಆಮೇಲೆ ಒಂದು ಸಲ ಕೆಮ್ಮಿ, ನಾಟಕದ ಹಾಲಿನ ಧ್ವನಿ ತೆಗೆದು, "ನಾನು ಹೋಗ್ತಿದ್ದೀನಿ. ಇವತ್ತು ಸಂಜೆ ರಿಹರ್ಸಲ್. ತಪ್ಪಿಸಿಕೊಂಡವರ ಹೆಸರು ನಮ್ಮವಳಿಗೆ ಕೊಡ್ತೀನಿ" ಎಂದರು.

ಬುಧವಾರ ಸಂಜೆ ಮೂಲೆಮನೆಯಲ್ಲಿ ರಿಹರ್ಸಲ್. ಆ ಮನೆಯವರು ತಮ್ಮ ಎಂಬತ್ತರ ಅಜ್ಜಿಯನ್ನೂ ಕೂರಿಸಿಕೊಂಡು ಭಾನುವಾರವೇ ಟ್ಯಾಕ್ಸಿಯಲ್ಲಿ ಹೋಗಿದ್ದರು. ಮೊದಲ ಪಾಠ ಡಾಕ್ಟರಿಗೆ. ಸೋಫಾದ ಹಿಂದೆ ಲ್ಯಾಂಪು ಇಡುವುದು ಕಲಿತರು. ಪರದೆ ಮುಕ್ಕಾಲು ಎಳೆಯುವುದು ಕಲಿತರು. "ಈಗ ನೋಡಿ, ನೀವು ಲ್ಯಾಂಪಿನ ಮುಂದೆ ದಾಟಿದ್ರೆ ಪರದೆ ಮೇಲೆ ನೆರಳು ಬೀಳುತ್ತೆ" ಎಂದು ಡಿಮ್ಮರಪ್ಪ ಬಾಯಿಜಾರಿ ಹೇಳಿಬಿಟ್ಟು, ಹೊರಗಿಂದ ನೋಡಲು ರಸ್ತೆಗೆ ಇಳಿದರು.

ಅಷ್ಟೇ ಸಾಕಾಯಿತು. ಇಪ್ಪತ್ತು ವರ್ಷ ಬೇರೆಯವರ ಬಾಯಿ ನೋಡಿದ ಮನುಷ್ಯನೊಳಗೆ ಒಬ್ಬ ನಟ ಕೂತಿದ್ದ ಎಂದು ಯಾರಿಗೆ ಗೊತ್ತಿತ್ತು? ಡಾಕ್ಟರು ಗೂಟದಲ್ಲಿದ್ದ ಅಜ್ಜಿಯ ಶಾಲು ಇಳಿಸಿ ತಲೆಗೆ ಹೊದ್ದುಕೊಂಡರು. ಬೆನ್ನು ಬಗ್ಗಿಸಿ ಕಿಟಕಿಯ ಈ ತುದಿಯಿಂದ ಆ ತುದಿಗೆ ನಡೆದರು. ಉತ್ಸಾಹ ಬಂತು. ತಿರುಗಿ ಬಂದರು, ಆದರೆ ಬೆನ್ನು ಬಗ್ಗಿಸುವುದು ಮರೆತರು.

ಎದುರು ಮನೆಯಲ್ಲಿ ನಿವೃತ್ತ ಗಣಿತದ ಟೀಚರ್ ಒಬ್ಬರೇ ಇರುವುದು. ಮಂಗಳವಾರವೆಲ್ಲ ಅವರು ಊರಲ್ಲಿರಲಿಲ್ಲ, ಆಗತಾನೆ ಬಂದು ಬ್ಯಾಗು ಇಳಿಸಿದ್ದರು. ರಿಹರ್ಸಲ್ಲಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಕಿಟಕಿಯಲ್ಲಿ ನೋಡುತ್ತಾರೆ: ಟ್ಯಾಕ್ಸಿ ಹತ್ತಿದ ಅಜ್ಜಿ ಮನೆಯೊಳಗಿದ್ದಾಳೆ. ಅಷ್ಟೇ ಅಲ್ಲ, ಆರಡಿ ಬೆಳೆದಿದ್ದಾಳೆ!

ಟೀಚರು ಛತ್ರಿ ಹಿಡಿದು ರಸ್ತೆ ದಾಟಿದ್ದು, ಡಿಮ್ಮರಪ್ಪನವರನ್ನು ಪಕ್ಕಕ್ಕೆ ತಳ್ಳಿದ್ದು, ಮೂಲೆಮನೆಯ ಬಾಗಿಲಿಗೆ ಹೊರಗಿಂದ ಚಿಲಕ ಜಡಿದದ್ದು, ಎಲ್ಲ ಒಂದೇ ಉಸಿರಿನಲ್ಲಿ ಮುಗಿಯಿತು.

"ಕಳ್ಳ! ಕಳ್ಳ! ಅಜ್ಜಿ ವೇಷದ ಕಳ್ಳ!"

ಒಳಗಿದ್ದ ಡಾಕ್ಟರು ಹೆದರಿ ಸಿಕ್ಕಸಿಕ್ಕ ಸ್ವಿಚ್ಚು ಒತ್ತಿದರು. ಹದಿನಾಲ್ಕು ಬಲ್ಬು, ಮೂರು ಫ್ಯಾನು, ಮಿಕ್ಸಿ ಒಂದು, ಎಲ್ಲ ಚಾಲೂ. "ನಾನು, ಟೀಚರ್, ನಾನು! ಹಲ್ಲು!"

"ಯಾವ ಹಲ್ಲೋ, ಹಲ್ಲು ಮುರೀತೀನಿ!"

"ನಿಮ್ಮ ಹಲ್ಲು! ಮೇಲ್ಗಡೆ ಎಡಕ್ಕೆ ಮೂರನೇದು! ನಾನೇ ಕಟ್ಟಿದ್ದು!"

ಟೀಚರು ನಾಲಗೆಯಿಂದ ಆ ಹಲ್ಲು ಮುಟ್ಟಿ ನೋಡಿಕೊಂಡರು. ಉತ್ತರ ತಾಳೆಯಾಯಿತು. ಚಿಲಕ ತೆಗೆದರು. ಶಾಲು ಹೊದ್ದ ಡಾಕ್ಟರು ಹೊರಗೆ ಬಂದಾಗ ಬೀದಿ ನಕ್ಕ ನಗು ಎಷ್ಟೆಂದರೆ, ಅಂಗಡಿಯವನಿಗೆ ಬಿಕ್ಕಳಿಕೆ ಹತ್ತಿ ನೀರು ಕುಡಿಸಬೇಕಾಯಿತು. "ಮನೆಯವರಿದ್ದಾಗಲೂ ಈ ಮನೆ ಇಷ್ಟು ಜೀವಂತ ಇರ್ಲಿಲ್ಲ" ಎಂದರು ಡಿಮ್ಮರಪ್ಪ, ಕಣ್ಣೊರೆಸಿಕೊಳ್ಳುತ್ತ, ಒಂದೊಂದೇ ಸ್ವಿಚ್ಚು ಆರಿಸುತ್ತ.

ನಗದೆ ನಿಂತಿದ್ದವರು ಟೀಚರ್ ಒಬ್ಬರೇ. ವಿಷಯವೆಲ್ಲ ಕೇಳಿ ತಿಳಿದುಕೊಂಡು ಒಂದು ಪ್ರಶ್ನೆ ಕೇಳಿದರು. "ಒಂಬತ್ತು ವರ್ಷದಿಂದ ಇದನ್ನ ಇವರೊಬ್ಬರೇ ಮಾಡಿದ್ದಾ? ಮಧ್ಯೆ ಎಷ್ಟು ದಿನ ರಜ ಕೊಟ್ರಿ?"

ಡಾಕ್ಟರು ಶಾಲು ತೆಗೆದು ಮಡಿಸತೊಡಗಿದರು. ಮಡಿಸಲು ಬರಲಿಲ್ಲ. ಅಕ್ಕ ಬಂದು ಅದನ್ನು ಕೈಯಿಂದ ಕಿತ್ತುಕೊಂಡು ಎರಡೇ ಸಲಕ್ಕೆ ಮಡಿಸಿಟ್ಟರು.

ಆಮೇಲೆ ಟೀಚರು ಹಂಚಿದರು. ಯಾರ ಮನೆಗೆ ಯಾವ ಮನೆ ಎದುರೋ ಅವರಿಗೆ ಆ ಕೀ, ಕಣ್ಣಿಗೆ ಕಾಣುವವನಿಗೆ ಹೊಣೆ. ನನಗೂ ಒಂದು ಬಂತು. ಮನೆಮನೆಗೂ ಬೇರೆ ಬೇರೆ ನಿಮಿಷ ಹೊಂದಿಸಿ ಕೊಡುತ್ತೇನೆಂದು ಅಂಗಡಿಯವನು ಏಳೂ ಟೈಮರ್ ಕಳಚಿಕೊಂಡು ಹೋದ. ಟೀಚರು ತಮ್ಮ ಪಾಲಿನ ಮೂಲೆಮನೆಗೆ ಟೈಮರ್ ಬೇಡವೆಂದರು. ದಿನಾ ದಾಳ ಉರುಳಿಸಿ, ಬಿದ್ದ ಸಂಖ್ಯೆಯನ್ನು ಐದರಿಂದ ಗುಣಿಸಿ, ಆರೂವರೆಯ ಮೇಲೆ ಅಷ್ಟು ನಿಮಿಷಕ್ಕೆ ದೀಪ ಹಾಕುತ್ತಾರಂತೆ. "ನನಗೇ ಗೊತ್ತಿಲ್ಲದ್ದು ಕಳ್ಳನಿಗೆ ಹೆಂಗೆ ಗೊತ್ತಾಗುತ್ತೆ?"

ಡಿಮ್ಮರಪ್ಪನವರು ಅವರ ಕಡೆ ನೋಡಿದ ನೋಟ, ಕಲಾವಿದ ಕಲಾವಿದನನ್ನು ನೋಡುವ ನೋಟ.

ಗುರುವಾರ ಬೆಳಗ್ಗೆ ಬಸ್ಸಿನ ಬಾಗಿಲಲ್ಲಿ ಡಿಮ್ಮರಪ್ಪನವರು ಜೇಬಿಂದ ಇನ್ನೊಂದು ಕೀ ತೆಗೆದು ಕಕ್ಕಾಬಿಕ್ಕಿಯಾದರು. ಅದು ಅವರದೇ ಮನೆಯ ಕೀ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಗೊತ್ತೇ ಇಲ್ಲ. ಟೀಚರು ಅಂಗೈ ಚಾಚಿದರು.

"ಕೊಡಿ. ನಿಮ್ಮ ಮನೆ ಚೀಟಿ ಎಲ್ಲಿ?"

ಅದನ್ನು ಅವರು ಬರೆದೇ ಇರಲಿಲ್ಲ. ಇಡೀ ಬೀದಿಯ ಸಂಜೆಗಳು ಬಾಯಿಪಾಠ, ಸ್ವಂತ ಮನೆಯಲ್ಲಿ ಯಾವ ದೀಪ ಯಾವಾಗ ಉರಿಯುತ್ತದೆ ಎಂದು ಆ ಮನುಷ್ಯನಿಗೆ ತಿಳಿಯದು. ಆ ಹೊತ್ತಿನಲ್ಲಿ ಅವರು ಯಾವತ್ತೂ ಅಲ್ಲಿ ಇದ್ದದ್ದಿಲ್ಲ.

ಕಿಟಕಿಯ ಸೀಟಿನಿಂದ ಅಕ್ಕ ಹೇಳಿದರು, "ಬರ್ಕೊಳಿ ಟೀಚರ್. ಆರಕ್ಕೆ ಅಡುಗೆಮನೆ, ಅದೊಂದೇ. ನಾನು ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿರ್ತೀನಿ. ಒಂಬತ್ತಕ್ಕೆ ಇವರು ಬರ್ತಾರೆ, ಆಗ ಹಾಲಿನ ದೀಪ."

ಟೀಚರು ಬರೆದುಕೊಳ್ಳಲಿಲ್ಲ. "ನಾನು ಆರಕ್ಕೇ ಹಾಲಿನದು ಹಾಕ್ತೀನಿ" ಎಂದರು. "ಇಬ್ಬರೂ ಮನೇಲಿದ್ದಾರೆ ಅಂತ ಕಾಣ್ಲಿ."

ಬಸ್ಸು ಹೊರಟಿತು. ಡಿಮ್ಮರಪ್ಪನವರು ಹಿಂದಿನ ಕಿಟಕಿಗೆ ಮೂಗೊತ್ತಿ ಕೈಯಲ್ಲೇ ಡಿಮ್ಮರಿನ ಹಿಡಿ ಇಳಿಸುವ ಸನ್ನೆ ಮಾಡುತ್ತಿದ್ದರು: ಮೆಲ್ಲಗೆ, ಮೆಲ್ಲಗೆ, ಒಮ್ಮೆಲೇ ಆರಿಸಬೇಡಿ. ಅಕ್ಕ ಕಾಲರ್ ಹಿಡಿದು ಅವರನ್ನು ಕೂರಿಸಿದ್ದು ನಮಗೆಲ್ಲ ಕಂಡಿತು.

ಹನ್ನೆರಡು ದಿನ ನಾವು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ನಾನು ಒಂದು ಸಂಜೆ ನನ್ನ ಮನೆ ಕತ್ತಲು ಬಿಟ್ಟು ಎದುರು ಮನೆ ಬೆಳಗಿಸಿ, ಅಲ್ಲೇ ಸೋಫಾದಲ್ಲಿ ನಿದ್ದೆ ಹೋದೆ. ನಾವೆಷ್ಟು ಬೈದರೂ ಡಾಕ್ಟರು ನೆರಳಿನ ನಡಿಗೆ ಬಿಡಲಿಲ್ಲ. ಈಗ ಅವರಿಗೆ ಅಭಿಮಾನಿಗಳಿದ್ದಾರೆ, ಆರೂ ಮುಕ್ಕಾಲಿಗೆ ಫುಟ್‌ಪಾತಿನಲ್ಲಿ ಕಾಯುತ್ತಾರೆ. ಒಂದು ಮನೆಗೂ ಕಳ್ಳ ಬರಲಿಲ್ಲ. ಅಷ್ಟು ಜನ ಓಡಾಡುವ ಬೀದಿಗೆ ಬರುವ ಧೈರ್ಯ ಯಾರಿಗಿದೆ?

ಮೊದಲ ಮೂರು ದಿನ ಸಂಜೆ ಆರೂವರೆಗೆ ಸರಿಯಾಗಿ ಡಿಮ್ಮರಪ್ಪನವರ ಫೋನು ಬರುತ್ತಿತ್ತು. "ಪರದೆ ಮುಕ್ಕಾಲು ಎಳೆದ್ರಾ? ಬಚ್ಚಲು?" ನಾಲ್ಕನೆಯ ದಿನ ಬರಲಿಲ್ಲ. ಐದನೆಯ ದಿನವೂ ಇಲ್ಲ. ಗಾಬರಿಯಾಗಿ ಡಾಕ್ಟರೇ ಫೋನು ಮಾಡಿದರು, ನಾವೆಲ್ಲ ಸುತ್ತ ಕಿವಿಗೊಟ್ಟು ನಿಂತೆವು. ಅಕ್ಕ ಎತ್ತಿದರು. ಹಿಂದೆ ಗಾಳಿಯ ಸದ್ದು, ನೀರಿನ ಸದ್ದು, ಅದರ ನಡುವೆ ಅಕ್ಕನ ನಗು. ಅವರು ಅಷ್ಟು ಜೋರಾಗಿ ನಗುತ್ತಾರೆಂದು ನಮಗೆ ಗೊತ್ತಿರಲಿಲ್ಲ.

"ಇವರಾ? ಮೊಣಕಾಲಷ್ಟು ನೀರಲ್ಲಿ ನಿಂತಿದ್ದಾರೆ. ಸೂರ್ಯ ಮುಳುಗ್ತಿದೆ. ಬಾಯಿ ಬಿಟ್ಕೊಂಡು ನೋಡ್ತಾ, 'ಇದನ್ನ ಯಾರೇ ಇಳಿಸ್ತಿರೋದು? ಎಂಥ ಕೈ!' ಅಂತಿದ್ದಾರೆ. ಕರೀಬೇಡಿ, ಇವತ್ತು ಅವರು ಬರಲ್ಲ."

ಅಷ್ಟು ವರ್ಷ ನಾವು ಆ ನಗುವಿಗೆ ಬೀಗ ಜಡಿದಿದ್ದೆವು, ಒಂದು ಬಿಸ್ಕತ್ತು ಪೊಟ್ಟಣದ ಖರ್ಚಿನಲ್ಲಿ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಎರಡನೆಯ ಕೀ ಯಾರ ಮೊಳೆಯಲ್ಲಿ ತೂಗುತ್ತಿದೆ? ನೀವು ಬೆಟ್ಟ ಹತ್ತಿ ಫೋಟೋ ತೆಗೆಸಿಕೊಳ್ಳುವಾಗ ನಿಮ್ಮ ಪರದೆ ಎಳೆದು, ಪೇಪರ್ ಎತ್ತಿಟ್ಟು, ಬಲ್ಬು ಆರಿಸಿ ಹೋಗುವವರು ಯಾರು? ಆ ಮುಖ ಈಗ ನಿಮ್ಮ ಕಣ್ಣ ಮುಂದೆ ಬಂದಿದೆ, ನನಗೆ ಗೊತ್ತು. ಈ ಪುಟ ಮಡಿಸಿ ಏಳಿ. ಹೋಗಿ ಅವರ ಬಾಗಿಲು ತಟ್ಟಿ, "ನೀವು ಯಾವತ್ತು ಹೊರಡ್ತೀರಿ?" ಎಂದು ಕೇಳಿ. ಅವರು ನಕ್ಕು ತಲೆಯಾಡಿಸಿದರೆ ನಂಬಬೇಡಿ, ಹೊಸ್ತಿಲಲ್ಲೇ ನಿಂತುಕೊಳ್ಳಿ. ಹೊರಡುವ ತಾರೀಕು ಅವರ ಬಾಯಿಂದ ಹೊರಡಿಸಿ, ಅವರ ಮನೆಯ ಕೀ ಇಸಿದುಕೊಂಡೇ ಬನ್ನಿ.